ಕರಾವಳಿಯ ಸವ್ಯಸಾಚಿ ಕಲಾವಿದರೊಬ್ಬರ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ
ಬರೆದವರು: ಸೀತಾತೀರ

ಮಾನ್ಯರೇ,

ಬ್ರಹ್ಮಾವರದ ಕಡೆಯ ನಮ್ಮ ಊರಿನ ಯುವಕ ಮಂಡಲದವರು ಈ ವರ್ಷ ಹಿರಿಯ ಕಲಾವಿದರೊಬ್ಬರನ್ನು ಸನ್ಮಾನಿಸಲಿದ್ದಾರೆ. ಆ ಸಂದರ್ಭದಲ್ಲಿ ಹೊರತರುವ ಕಿರುಪುಸ್ತಕಕ್ಕೆ ಅವರ ಜೀವನಚರಿತ್ರೆಯನ್ನು ಬರೆದುಕೊಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಅವರು ಬದುಕಿನುದ್ದಕ್ಕೂ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಯಕ್ಷಗಾನದೊಂದಿಗೆ ಇದ್ದವರು. ಬಾಲ್ಯದಲ್ಲಿ ನವರಾತ್ರಿಯ ಹೂವಿನಕೋಲಿನ ತಂಡದೊಂದಿಗೆ ಮನೆಮನೆಗೆ ಹೋಗಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದ್ದರಿಂದ ಆರಂಭವಾದ ಅವರ ಕಲಾಜೀವನವು ಯಕ್ಷಗಾನದ ವೃತ್ತಿ ತಂಡವಾದ ಮೇಳದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ದಾಟಿ ಪುರುಷವೇಷದವರೆಗೆ ಬಂದಿತು. ಮಧ್ಯವಯಸ್ಸಿನಲ್ಲಿ ಕಾಲು ಸೋತಾಗ ಅವರು ರಂಗಸ್ಥಳದ ಹಿಂಬದಿಗೆ ಸರಿದು ಮದ್ದಳೆಯ ಮುಂದೆ ಕುಳಿತರು. ಇಷ್ಟೇ ಆಗಿದ್ದರೆ ಬರೆಯುವುದು ಸುಲಭವಿತ್ತು. ಮಳೆಗಾಲದಲ್ಲಿ ಚೌತಿಗೆಂದು ಗಣಪತಿಯ ಮೂರ್ತಿಗಳನ್ನು ಮಾಡುವವರೂ ಅವರೇ, ಊರಿನ ಹವ್ಯಾಸಿ ಸಂಘದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ಕನ್ನಡಿ ಬಿದ್ದುಹೋದರೆ ಅದನ್ನು ಕೂರಿಸಿಕೊಡುವವರೂ ಅವರೇ, ನಾಟಕದ ಪರದೆ ಮತ್ತು ಅಂಗಡಿಯ ನಾಮಫಲಕಗಳನ್ನು ಬರೆಯುವವರೂ ಅವರೇ. ಇವುಗಳ ಜೊತೆಗೆ ಎರಡು ಪ್ರಸಂಗಗಳನ್ನು, ಅಂದರೆ ಆಟಕ್ಕಾಗಿ ಪದ್ಯರೂಪದ ಕಥೆಗಳನ್ನು, ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಅವು ಅಚ್ಚಾಗಿಲ್ಲ.

ನಾನು ಬರೆದ ಮೊದಲ ಕರಡು ನನಗೇ ಸಮಾಧಾನ ತರಲಿಲ್ಲ. ‘ಬಹುಮುಖ ಪ್ರತಿಭೆ’, ‘ಕಲಾಮಾತೆಯ ಸೇವೆ’, ‘ಎಲೆಮರೆಯ ಕಾಯಿ’ ಎಂಬ ಮಾತುಗಳು ಪ್ಯಾರಾಕ್ಕೆ ಒಂದರಂತೆ ಬಂದು ಕುಳಿತಿವೆ. ಹೆಸರನ್ನು ಬದಲಿಸಿದರೆ ಆ ಬರಹ ಕುಂದಾಪುರದಿಂದ ಕಾಸರಗೋಡಿನವರೆಗಿನ ಯಾವ ಕಲಾವಿದರಿಗೂ ಸರಿಹೊಂದುವಂತಿದೆ. ಅವರನ್ನು ಕೇಳಿದರೆ, “ಅದೇನು ದೊಡ್ಡ ಸಂಗತಿ, ಮಾಡಬೇಕಾಗಿತ್ತು, ಮಾಡಿದೆ” ಎಂದು ಹೇಳಿ ಮಾತನ್ನು ಬೇರೆಡೆಗೆ ತಿರುಗಿಸುತ್ತಾರೆ.

ಹಾಗಾಗಿ ತಿಳಿದವರಲ್ಲಿ ನನ್ನದೊಂದು ವಿನಂತಿ. ಒಬ್ಬನೇ ವ್ಯಕ್ತಿ ಇಷ್ಟೊಂದು ಕೆಲಸಗಳನ್ನು ಕಲಿಯುವುದು ನಮ್ಮ ಕರಾವಳಿಯಲ್ಲಿ ಹೇಗೆ ಸಾಧ್ಯವಾಯಿತು? ಇಂಥವರ ಬದುಕನ್ನು ಬರೆಯಲು ಹೊರಟವನು ಏನನ್ನು ಕೇಳಬೇಕು, ಎಲ್ಲಿಂದ ತೊಡಗಬೇಕು? ಇನ್ನೊಂದು ಸಂದೇಹವೂ ಇದೆ. ಅವರು ಯಾವುದೇ ಒಂದು ವಿಭಾಗದಲ್ಲಿ ಹೆಸರಾಂತ ಮೇಳಗಳ ಅಗ್ರಪಂಕ್ತಿಗೆ ಏರಿದವರಲ್ಲ. ಅದನ್ನು ಬರೆಯಬೇಕೇ, ಬಿಡಬೇಕೇ?

ಉತ್ತರ 1
ಬರೆದವರು: ನಿವೃತ್ತ ಮದ್ದಳೆಗಾರ

ತಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು, ಏಕೆಂದರೆ ಅಭಿನಂದನ ಗ್ರಂಥಗಳಲ್ಲಿ ಬರುವ ಲೇಖನಗಳ ಬಗ್ಗೆ ನನಗೂ ಇದೇ ಬೇಸರವಿದೆ. ಪ್ರಶಸ್ತಿಗಳ ಪಟ್ಟಿಯಿಂದ ಆರಂಭಿಸದೆ ವರ್ಷದ ಪಂಚಾಂಗದಿಂದ ಆರಂಭಿಸಿರಿ ಎಂಬುದು ನನ್ನ ಸಲಹೆ.

ಮೇಳದ ಕಲಾವಿದನ ವರ್ಷವು ಎರಡು ತುಂಡುಗಳಾಗಿ ಒಡೆದಿರುತ್ತದೆ. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದವನು ಮಳೆ ಹತ್ತಿರ ಬರುವವರೆಗೂ, ತುಳುನಾಡಿನಲ್ಲಾದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯವರೆಗೂ, ಹೆಚ್ಚುಕಡಿಮೆ ಪ್ರತಿ ರಾತ್ರಿ ಆಟದಲ್ಲಿರುತ್ತಾನೆ. ಹಗಲು ನಿದ್ದೆ, ಸಂಜೆ ಮುಂದಿನ ಊರು. ಗೆಜ್ಜೆ ಬಿಚ್ಚಿದ ಬಳಿಕ ಸುಮಾರು ಅರ್ಧ ವರ್ಷ ಆತನಿಗೆ ಮೇಳದಿಂದ ಸಂಬಳವಿಲ್ಲ. ಮಂದಾರ್ತಿಯಂತಹ ಕೆಲವು ಕ್ಷೇತ್ರಗಳಲ್ಲಿ ಮಳೆಗಾಲದ ಸೇವೆಯಾಟಗಳು ನಡೆಯುತ್ತವೆಯಾದರೂ ಅಲ್ಲಿ ಎಲ್ಲರಿಗೂ ಅವಕಾಶ ಸಿಗುವುದಿಲ್ಲ. ಉಳಿದವರು ಏನು ಮಾಡಬೇಕು? ನೆಲವಿದ್ದವರು ನಾಟಿಗೆ ಇಳಿದರು. ಮಾತು ಬಲ್ಲವರು ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ ಹೋದರು. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ತಿರುಗಿದರು. ಕೈಯಲ್ಲಿ ಕುಸುರಿಯಿದ್ದವರು ಜೇಡಿಮಣ್ಣು ಹದ ಮಾಡಿ ಚೌತಿಯ ಮೂರ್ತಿಗೆ ಕುಳಿತರು. ಚೌತಿ ಮುಗಿಯುತ್ತಿದ್ದಂತೆ ನವರಾತ್ರಿ, ನವರಾತ್ರಿಗೆ ಹೂವಿನಕೋಲು, ಅದಾದ ಮೇಲೆ ಮತ್ತೆ ತಿರುಗಾಟ. ತಮ್ಮ ಹಿರಿಯರು “ಮಾಡಬೇಕಾಗಿತ್ತು, ಮಾಡಿದೆ” ಎಂದು ಹೇಳಿದ್ದು ವಿನಯದ ಮಾತೆಂದು ತಾವು ಭಾವಿಸಿದಂತಿದೆ. ನನಗೆ ಅದು ನೇರವಾದ ಉತ್ತರವೆಂದೇ ತೋರುತ್ತದೆ.

ಎರಡನೆಯ ಕಾರಣವು ಮೇಳದ ಒಳಗೇ ಇದೆ. ಬಯಲಾಟದಲ್ಲಿ ಪದ್ಯಗಳು ಮಾತ್ರ ಬರಹದಲ್ಲಿರುತ್ತವೆ. ಮಾತನ್ನು ವೇಷಧಾರಿಯೇ ಅಲ್ಲಿಂದಲ್ಲಿಗೆ ಕಟ್ಟಬೇಕು. ಯಾರಿಗಾದರೂ ಜ್ವರ ಬಂದರೆ, ಯಾರಾದರೂ ಮನೆಯ ಮರಣಕ್ಕೆ ಹೋದರೆ, ಆ ರಾತ್ರಿಯ ಪ್ರಸಂಗ ನಿಲ್ಲುವಂತಿಲ್ಲ, ಏಕೆಂದರೆ ಹರಕೆಯ ಆಟಕ್ಕೆ ಮನೆಯವರು ವರ್ಷಗಳ ಹಿಂದೆಯೇ ದಿನ ಗೊತ್ತುಮಾಡಿಕೊಂಡಿರುತ್ತಾರೆ. ಹಾಡುಗಾರರಾದ ಭಾಗವತರು ವೇಷ ಕಟ್ಟುವ ಚೌಕಿಯಲ್ಲಿ ಸುತ್ತ ಕಣ್ಣಾಡಿಸಿ, “ನೀವು ಇವತ್ತು ಸುಧನ್ವ ಮಾಡಿ” ಎಂದರೆ ಮಾಡಲೇಬೇಕು. ಹೀಗೆ ತುಂಬಿಕೊಡುವ ಶಕ್ತಿಯುಳ್ಳ ಇಬ್ಬರು ಮೂವರು ಪ್ರತಿ ಮೇಳದಲ್ಲೂ ಇರುತ್ತಿದ್ದರು. ಅವರ ಹೆಸರು ಕರಪತ್ರದಲ್ಲಿ ಕೊನೆಯ ಸಾಲಿನಲ್ಲಿರುತ್ತಿತ್ತು. ಆದರೆ ಯಜಮಾನರು ಮುಂದಿನ ವರ್ಷದ ತಿರುಗಾಟಕ್ಕೆ ಜನ ಗೊತ್ತುಮಾಡುವಾಗ ಅವರನ್ನು ಮೊದಲೇ ಕರೆಯುತ್ತಿದ್ದರು.

ಮೂರನೆಯದಾಗಿ, ಬಡಗಿನ ವೇಷಧಾರಿ ತನ್ನ ವೇಷವನ್ನು ತಾನೇ ಕಟ್ಟಿಕೊಳ್ಳಬೇಕಾಗಿತ್ತು. ಮುಂಡಾಸು ಪೆಟ್ಟಿಗೆಯಿಂದ ತೆಗೆದು ತಲೆಯ ಮೇಲೆ ಇಡುವ ವಸ್ತುವಲ್ಲ. ಅಟ್ಟೆಯ ಮೇಲೆ ಬಟ್ಟೆಯನ್ನು ಸುತ್ತಿ, ಜರಿಯ ಪಟ್ಟಿಯನ್ನು ಎಳೆದು, ಅದಕ್ಕೆ ದಳದ ಆಕಾರ ಬರುವಂತೆ ಪ್ರತಿ ರಾತ್ರಿಯೂ ಕಟ್ಟುವುದು. ಕಟ್ಟು ಸಡಿಲವಾದರೆ ಮಂಡಿಕುಣಿತದ ನಡುವೆ ಜಾರುತ್ತದೆ, ಬಿಗಿಯಾದರೆ ಬೆಳಗಿನವರೆಗೆ ತಲೆ ಸಿಡಿಯುತ್ತದೆ. ಮುಖದ ಬಣ್ಣವೂ ಹಾಗೆಯೇ. ಚಿಕ್ಕಂದಿನಿಂದ ಕನ್ನಡಿಯ ಮುಂದೆ ಕುಳಿತು ತನ್ನ ಮುಖದ ಮೇಲೆ ರೇಖೆ ಎಳೆದ ಕೈಗೆ ಗಣಪತಿಯ ಕಣ್ಣು ಬರೆಯುವುದೂ ನಾಮಫಲಕದ ಅಕ್ಷರ ತಿದ್ದುವುದೂ ಅಪರಿಚಿತ ವಿದ್ಯೆಗಳಾಗಲಾರವು. ಮದ್ದಳೆಯ ವಿಷಯದಲ್ಲಿ ಇದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ: ಕುಣಿದು ಬಂದವನು ಮದ್ದಳೆಗೆ ಕುಳಿತರೆ ವೇಷಧಾರಿಯ ಉಸಿರು ಎಲ್ಲಿ ಮುಗಿಯುತ್ತದೆಂದು ಅವನಿಗೆ ಗೊತ್ತಿರುತ್ತದೆ, ಮುಕ್ತಾಯವನ್ನು ಅಲ್ಲಿಗೇ ಕೊಡುತ್ತಾನೆ. ಏರುಮದ್ದಳೆಗೆ ಹೆಸರಾಗಿ, 2020ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲರಾಯರೂ ಆರಂಭದಲ್ಲಿ ಕುಣಿತ ಕಲಿತವರೇ. ಅಮೆರಿಕದಿಂದ ಬಂದ ಸಂಶೋಧಕಿ ಮಾರ್ತಾ ಆಶ್ಟನ್ ಅವರು ಯಕ್ಷಗಾನವನ್ನು ಅಭ್ಯಾಸ ಮಾಡುವಾಗ ಗೋಪಾಲರಾಯರ ಮಾರ್ಗದರ್ಶನವನ್ನು ಬಯಸಿದ್ದಕ್ಕೆ ಅವರ ಕೈಚಳಕದಷ್ಟೇ ಈ ಸಮಗ್ರ ತಿಳಿವಳಿಕೆಯೂ ಕಾರಣವಾಗಿರಬೇಕೆಂದು ನನ್ನ ಊಹೆ.

ಆದುದರಿಂದ ತಾವು ಅವರನ್ನು ‘ಸಾಧನೆ ಏನು’ ಎಂದು ಕೇಳಬೇಡಿರಿ. ಯಾವ ವರ್ಷ ಯಾವ ಮೇಳ, ಆ ಮೇಳದಲ್ಲಿ ಯಾವ ಸ್ಥಾನದ ವೇಷ, ಭಾಗವತರು ಯಾರು, ಸಂಬಳ ಎಷ್ಟು, ಆ ಮಳೆಗಾಲದಲ್ಲಿ ಏನು ಕೆಲಸ ಎಂದು ಕೇಳಿರಿ. ವರ್ಷ ನೆನಪಿರದಿದ್ದರೆ ಪ್ರಸಂಗದ ಹೆಸರಿನಿಂದ ಕೇಳಿರಿ. ಮೇಳದವರಿಗೆ ಇಸವಿ ಮರೆಯುತ್ತದೆ, ಯಾವ ತಿರುಗಾಟದಲ್ಲಿ ಯಾವ ಹೊಸ ಪ್ರಸಂಗ ಓಡಿತು ಎಂಬುದು ಮರೆಯುವುದಿಲ್ಲ.

ಉತ್ತರ 2
ಬರೆದವರು: ಜಾನಪದದ ವಿದ್ಯಾರ್ಥಿ

ಮೇಲಿನ ಹಿರಿಯರ ಮಾತಿನಲ್ಲಿ ತೂಕವಿದೆ. ಆದರೂ ಅದರ ಒಂದು ಭಾಗವನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಮಳೆಗಾಲವು ಎಲ್ಲ ಕಲಾವಿದರಿಗೂ ಒಂದೇ ಆಗಿತ್ತು. ಅದೇ ಮೇಳದ, ಅದೇ ಸಂಬಳದ, ಅದೇ ಬಡತನದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಗದ್ದೆಯ ಕೆಲಸಕ್ಕೋ ಹೋಟೆಲಿನ ಕೆಲಸಕ್ಕೋ ಹೋದರು. ಒಬ್ಬರು ಮಾತ್ರ ಮಣ್ಣು ಕಲಸಿ ಮೂರ್ತಿ ಮಾಡಿದರು, ರಾತ್ರಿ ದೀಪದ ಬೆಳಕಿನಲ್ಲಿ ಪ್ರಸಂಗ ಬರೆದರು. ಹೊಟ್ಟೆಪಾಡಿನಿಂದ ಮೂರ್ತಿಯನ್ನು ವಿವರಿಸಬಹುದು. ಯಾರೂ ಹಣ ಕೊಡದ, ಯಾರೂ ಆಡಿಸದ ಆ ಎರಡು ನೋಟುಪುಸ್ತಕಗಳನ್ನು ಹೊಟ್ಟೆಪಾಡಿನಿಂದ ವಿವರಿಸಲಾಗದು. ಜೀವನಚರಿತ್ರೆಯ ಜೀವವು ಅಲ್ಲಿರುತ್ತದೆಂದು ನಾನು ನಂಬುತ್ತೇನೆ. ಆ ಪ್ರಸಂಗಗಳ ವಸ್ತು ಯಾವುದು, ಅವರು ಅದನ್ನೇ ಏಕೆ ಆರಿಸಿಕೊಂಡರು, ಯಾವ ಭಾಗವತರ ಹಾಡುವ ಮಟ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪದ್ಯ ಹೊಸೆದರು ಎಂದು ಕೇಳಿದರೆ, ಇದುವರೆಗೆ ಮಾತು ತಪ್ಪಿಸುತ್ತಿದ್ದವರು ಬಹುಶಃ ಗಂಟೆಗಟ್ಟಲೆ ಮಾತನಾಡಿಯಾರು.

ಹಲವು ಕೆಲಸಗಳನ್ನು ಬಲ್ಲ ಕಲಾವಿದರು ನಮ್ಮ ಕರಾವಳಿಯಲ್ಲಿ ಒಂದೇ ಬಗೆಯವರಲ್ಲ ಎಂಬುದನ್ನೂ ಗಮನಿಸಬೇಕು. ಕೋಟ ಶಿವರಾಮ ಕಾರಂತರ (1902–1997) ಹೆಸರು ಎಲ್ಲರಿಗೂ ಮೊದಲು ನೆನಪಾಗುತ್ತದೆ. ಕಾದಂಬರಿ, ನಾಟಕ, ಚಿತ್ರಕಲೆ, ಮಕ್ಕಳ ವಿಶ್ವಕೋಶ, ಮೂಕಿ ಚಲನಚಿತ್ರ, ಪುತ್ತೂರಿನ ಬಾಲವನ, ಯಕ್ಷಗಾನದ ಸಂಶೋಧನೆ ಮತ್ತು ಪ್ರಯೋಗ ಇವೆಲ್ಲವೂ ಒಂದೇ ಆಯುಷ್ಯದಲ್ಲಿ ಹಿಡಿಸಿದವು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಕಾದಂಬರಿಗಾಗಿ 1977ರಲ್ಲಿ ಜ್ಞಾನಪೀಠ ಬಂದಿತು. ಆದರೆ ಕಾರಂತರು ಮೇಳದಲ್ಲಿ ಸಂಬಳಕ್ಕೆ ದುಡಿದವರಲ್ಲ. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದು ನೋಡುವ, ಮಾತನ್ನು ಕಡಿಮೆ ಮಾಡಿ ನೃತ್ಯಕ್ಕೆ ಒತ್ತು ಕೊಡುವ ಸ್ವಾತಂತ್ರ್ಯ ಅವರಿಗಿದ್ದುದು ಹರಕೆಯ ಆಟದ ನಿರ್ಬಂಧ ಅವರಿಗೆ ಇಲ್ಲದಿದ್ದುದರಿಂದ. ಸ್ಥಳೀಯ ಕಲಾವಿದರನ್ನು ಹೊಗಳುವಾಗ ‘ನಮ್ಮೂರಿನ ಕಾರಂತ’ ಎಂದು ಬರೆಯುವ ರೂಢಿಯೊಂದಿದೆ. ದಯವಿಟ್ಟು ಅದನ್ನು ಬಿಡಿರಿ, ಇಬ್ಬರಿಗೂ ಅದರಿಂದ ನ್ಯಾಯವಾಗುವುದಿಲ್ಲ.

ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರದು (1911–1996) ಇನ್ನೊಂದು ಹಾದಿ. ತಂದೆ ಗಣಪತಿಯ ಮೂರ್ತಿ ಮಾಡುವುದನ್ನು ಕಾಣುತ್ತ, ಯಕ್ಷಗಾನದ ಬಣ್ಣ ಮತ್ತು ಚಲನೆಯ ನಡುವೆ ಬೆಳೆದ ಹುಡುಗ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋಗಿ ದೇಶದ ಪ್ರಮುಖ ಚಿತ್ರಕಾರರಲ್ಲಿ ಒಬ್ಬರಾದರು. ಅವರಿಗೆ ಊರು ಬಿಡಲು ಸಾಧ್ಯವಾಯಿತು, ಬಿಟ್ಟ ಮೇಲೆ ಒಂದೇ ಕಲೆಗೆ ತಮ್ಮನ್ನು ಕೊಟ್ಟುಕೊಳ್ಳಲೂ ಸಾಧ್ಯವಾಯಿತು. ತಮ್ಮ ಕಲಾವಿದರಿಗೆ ಎಂದಾದರೂ ಊರು ಬಿಡುವ ಅವಕಾಶ ಬಂದಿತ್ತೇ, ಬಂದಿದ್ದರೆ ಏಕೆ ಹೋಗಲಿಲ್ಲ ಎಂಬುದು ಕೇಳಲೇಬೇಕಾದ ಪ್ರಶ್ನೆ.

ವೃತ್ತಿಕಲೆಯ ಒಳಗೇ ಬೆಳೆದವರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ಹೊನ್ನಾವರದ ಕಡೆಯ ಕೆರೆಮನೆಯವರು. ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು (1938–2009) ದೆಹಲಿಯಲ್ಲಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತು ಬಂದು, ವೇಷಧಾರಿ, ನಿರ್ದೇಶಕ, ಮಂಡಳಿಯ ಮುಖ್ಯಸ್ಥ, ಗುರು ಎಂಬ ನಾಲ್ಕೂ ಹೊಣೆಗಳನ್ನು ಒಟ್ಟಿಗೆ ಹೊತ್ತರು, ಗುಣವಂತೆಯಲ್ಲಿ 1986ರಲ್ಲಿ ಶಿಕ್ಷಣ ಕೇಂದ್ರವನ್ನೂ ತೆರೆದರು. ಒಂದು ಕಲೆಯ ಎಲ್ಲ ಅಂಗಗಳನ್ನು ಅರಿತವರ ಕೈಯಲ್ಲಿ ಮಾತ್ರ ಅಂತಹ ಸಂಸ್ಥೆ ನಿಲ್ಲುತ್ತದೆ. ತೆಂಕಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯಿಂದ ಬಂದು ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಮೇರುವಾದವರು. ಹರಿಕಥೆಯ ಅಭ್ಯಾಸವಿಲ್ಲದಿದ್ದರೆ ಅವರ ಮಾತಿನ ಕಟ್ಟು ಬೇರೆಯೇ ಆಗಿರುತ್ತಿತ್ತು. ಬಡಗಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅಷ್ಟರೊಳಗೆ ಹಾಡುಗಾರಿಕೆಯ ದಾರಿಯನ್ನೇ ಬದಲಿಸಿದ್ದಲ್ಲದೆ ‘ನಾಗಶ್ರೀ’ಯಂಥ ಪ್ರಸಂಗವನ್ನೂ ಬರೆದಿದ್ದರು. ಇವರಲ್ಲಿ ಯಾರಿಗೂ ಎರಡನೆಯ ವಿದ್ಯೆ ಮೊದಲನೆಯದರ ಪಕ್ಕಕ್ಕೆ ಇಟ್ಟ ಅಲಂಕಾರವಾಗಿರಲಿಲ್ಲ. ತಮ್ಮ ಕಲಾವಿದರಲ್ಲಿಯೂ ಒಂದು ಕೆಲಸವು ಇನ್ನೊಂದನ್ನು ಎಲ್ಲಿ ಮುಟ್ಟಿತು ಎಂದು ಹುಡುಕಬೇಕು, ಉದಾಹರಣೆಗೆ ಮೂರ್ತಿ ಮಾಡಿದ ಕೈ ವೇಷದ ನಿಲುವನ್ನು ತಿದ್ದಿತೇ ಎಂದು.

ಕೊನೆಯ ಸಂದೇಹಕ್ಕೆ ಬರುತ್ತೇನೆ. ಅಗ್ರಪಂಕ್ತಿಗೆ ಏರಲಿಲ್ಲ ಎಂಬುದನ್ನು ಖಂಡಿತ ಬರೆಯಿರಿ. ಹಲವನ್ನು ಬಲ್ಲವರಿಗೆ ಮೇಳದಲ್ಲಿ ಒಂದು ತೊಡಕಿತ್ತು: ಎಲ್ಲಿ ಖಾಲಿಯಾಯಿತೋ ಅಲ್ಲಿಗೆ ಅವರನ್ನೇ ತುಂಬಿಸುವುದರಿಂದ, ಒಂದು ಸ್ಥಾನದಲ್ಲಿ ಹತ್ತು ವರ್ಷ ನಿಂತು ‘ಇವರದೇ ಈ ವೇಷ’ ಎಂಬ ಹೆಸರು ಗಳಿಸಲು ಅವರಿಗೆ ಬಿಡುವು ಸಿಗುತ್ತಿರಲಿಲ್ಲ. ಸೂರಿಕುಮೇರು ಗೋವಿಂದ ಭಟ್ಟರಂತೆ ಎಲ್ಲ ಬಗೆಯ ವೇಷಗಳನ್ನೂ ಮಾಡಿ ‘ದಶಾವತಾರಿ’ ಎಂಬ ಖ್ಯಾತಿಯನ್ನೂ ಪಡೆದವರು ಅಪರೂಪ, ಮತ್ತು ಅವರ ಹಿಂದೆ ಧರ್ಮಸ್ಥಳ ಮೇಳದಂತಹ ಸ್ಥಿರವಾದ ನೆಲೆ ದೀರ್ಘಕಾಲ ಇತ್ತು. ಮೇಳದಿಂದ ಮೇಳಕ್ಕೆ ಅಲೆದವರಿಗೆ ಆ ಭಾಗ್ಯವಿರಲಿಲ್ಲ. ಇದನ್ನು ಬರೆದರೆ ಅವರ ಗೌರವ ಕುಗ್ಗುವುದಿಲ್ಲ. ಬರೆಯದಿದ್ದರೆ ಓದುಗನಿಗೆ, ಇಷ್ಟೆಲ್ಲ ಬಲ್ಲವರ ಹೆಸರನ್ನು ನಾವೇಕೆ ಕೇಳಿಲ್ಲ ಎಂಬ ಪ್ರಶ್ನೆ ಉಳಿದುಬಿಡುತ್ತದೆ.

ಉತ್ತರ 3
ಬರೆದವರು: ಚೌಕಿಮನೆಯ ಮಗಳು

ನನ್ನ ತಂದೆಯವರು ಮೇಳದ ಕಲಾವಿದರಾಗಿದ್ದರು, ಈಗ ನಾನು ಮತ್ತು ನನ್ನ ಪತಿ ವೇಷಭೂಷಣವನ್ನು ಬಾಡಿಗೆಗೆ ಕೊಡುವ ಉದ್ಯೋಗದಲ್ಲಿದ್ದೇವೆ. ಮೇಲಿನ ಇಬ್ಬರೂ ಮಹನೀಯರು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಎರಡು ಉತ್ತರಗಳಲ್ಲಿಯೂ ಒಂದೇ ಒಂದು ಮನೆ ಕಾಣಿಸಲಿಲ್ಲ ಎಂಬುದನ್ನು ಹೇಳಲೇಬೇಕಾಗಿದೆ.

ಆರು ತಿಂಗಳು ರಾತ್ರಿಯಿಡೀ ಆಟದಲ್ಲಿದ್ದು ಹಗಲು ದಾರಿಯಲ್ಲಿರುವ ಮನುಷ್ಯನ ಮನೆಯನ್ನು ಯಾರು ನಡೆಸಿದರು? ದನ, ಗದ್ದೆ, ಮಕ್ಕಳ ಶಾಲೆ, ಅತ್ತೆಮಾವಂದಿರ ಔಷಧ ಇವೆಲ್ಲ ಯಾರ ಕೈಯಲ್ಲಿದ್ದವು? ತಂದೆಯವರ ಹೆಸರಿನಲ್ಲಿ ಊರವರು ಮೆಚ್ಚಿಕೊಳ್ಳುತ್ತಿದ್ದ ಅನೇಕ ಕೆಲಸಗಳು ನನ್ನ ಅಮ್ಮನ ಕೈಯಿಂದ ಆದವು. ವೇಷದ ಅಂಗಿಯಾದ ದಗಲೆಯನ್ನು ಹೊಲಿಯುವುದು, ಬೆವರಿನಿಂದ ಮುಗ್ಗಿದ ಬಟ್ಟೆಯನ್ನು ಒಗೆದು ಮಳೆಗಾಲದ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು, ಉದುರಿದ ಮಣಿಗಳನ್ನು ಪೋಣಿಸುವುದು, ಚೌತಿಯ ಮೂರ್ತಿಗೆ ಮಣ್ಣನ್ನು ಕಲ್ಲಿಲ್ಲದಂತೆ ಆರಿಸಿ ಹದಕ್ಕೆ ತುಳಿಯುವುದು ಎಲ್ಲವೂ ಅಮ್ಮನ ಪಾಲಿನವು. ತಂದೆಯವರು ಮೂರ್ತಿಗೆ ಕಣ್ಣು ಬರೆದರು, ಊರವರು ಕಣ್ಣನ್ನು ನೋಡಿದರು. ತಾವು ಬರೆಯುತ್ತಿರುವವರ ಮನೆಯಲ್ಲಿಯೂ ಹೀಗೆಯೇ ಇದ್ದೀತೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಅವರ ಮಡದಿಯವರನ್ನು ಅಡುಗೆಮನೆಯಿಂದ ಕರೆದು ಚಾವಡಿಯಲ್ಲಿ ಕುಳ್ಳಿರಿಸಿ ಕೇಳಿರಿ. ಮೇಳದವರು ಪ್ರಸಂಗದ ಹೆಸರಿನಿಂದ ವರ್ಷ ಹೇಳುತ್ತಾರೆಂದು ಹಿರಿಯರು ಬರೆದಿದ್ದಾರೆ. ಮನೆಯಲ್ಲಿದ್ದವರು ಮಕ್ಕಳ ಹುಟ್ಟು, ಮನೆಯ ಹೆಂಚು ಹೊದೆಸಿದ್ದು, ದೊಡ್ಡ ಮಳೆ ಇವುಗಳಿಂದ ವರ್ಷ ಹೇಳುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಇಸವಿ ತಾನಾಗಿಯೇ ಸಿಗುತ್ತದೆ.

ಹಣದ ವಿಷಯವನ್ನು ನಮ್ಮ ಕಡೆಯ ಬರಹಗಾರರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಮೂರ್ತಿಗೆ ಎಷ್ಟು ತೆಗೆದುಕೊಳ್ಳುತ್ತಿದ್ದರು, ಹಣ ಕೊಡಲಾಗದವರು ಅಕ್ಕಿ ತೆಂಗಿನಕಾಯಿ ಕೊಟ್ಟರೆ ಒಪ್ಪುತ್ತಿದ್ದರೇ, ಸಂಘದ ಕಿರೀಟವನ್ನು ಸರಿಮಾಡಿದ್ದಕ್ಕೆ ಯಾರಾದರೂ ಏನಾದರೂ ಕೊಟ್ಟರೇ ಎಂಬುದು ತಿಳಿಯಬೇಕು. ನನ್ನ ಅನುಭವದಲ್ಲಿ ‘ನಮ್ಮವರೇ’ ಎಂಬ ಸಲುಗೆಯಿಂದ ಊರು ಸ್ಥಳೀಯ ಕಲಾವಿದನ ಕೈಯಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುತ್ತದೆ, ಹೊರಗಿನಿಂದ ಬಂದವನಿಗೆ ಕವರಿನಲ್ಲಿ ಹಾಕಿ ಕೊಡುತ್ತದೆ. ತಮ್ಮ ಯುವಕ ಮಂಡಲದವರಿಗೆ ಈ ಸಾಲು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಚಿಂತೆಯಿಲ್ಲ.

ಕೈಕೆಲಸದ ಬಗ್ಗೆ ಒಂದು ಮಾತು. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳಿಗೆ ಹಿಂದೆ ಹಗುರವಾದ ಮರವನ್ನು ಕೆತ್ತಿ, ಹೊಳೆಯುವ ತೆಳು ಹಾಳೆಯಾದ ಬೇಗಡೆ ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂರಿಸುತ್ತಿದ್ದರು. ದೊಂದಿಯ ಬೆಳಕಿಗೂ ಮುಂದೆ ಗ್ಯಾಸಿನ ದೀಪಕ್ಕೂ ಆ ಕನ್ನಡಿಗಳು ಮಿನುಗುತ್ತಿದ್ದವು. ಈಗಿನ ವಿದ್ಯುತ್ ದೀಪಗಳ ಕೆಳಗೆ ಅವೇ ಕನ್ನಡಿಗಳು ಕಣ್ಣು ಕುಕ್ಕುತ್ತವೆಂದು ಕೆಲವರು ಕಡಿಮೆ ಮಾಡಿಸುತ್ತಾರೆ. ಬಣ್ಣದ ವಿಷಯದಲ್ಲಿಯೂ ಇಂಗಳೀಕ, ಹರದಾಳ ಎಂಬ ಕೆಂಪು, ಹಳದಿ ಖನಿಜಗಳನ್ನು ಅರೆದು ಎಣ್ಣೆಯಲ್ಲಿ ಕಲಸುತ್ತಿದ್ದ ಕಾಲ ಹೋಗಿ ಸಿದ್ಧ ಬಣ್ಣಗಳು ಬಂದಿವೆ. ತೆಂಕಿನ ಬಣ್ಣದ ವೇಷದವರು ಅಕ್ಕಿಹಿಟ್ಟು ಮತ್ತು ಸುಣ್ಣದಿಂದ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡುವುದಕ್ಕೆ ಈಗಲೂ ಗಂಟೆಗಟ್ಟಲೆ ಕೂರುತ್ತಾರೆ ಎಂಬುದು ನನಗೆ ಸಮಾಧಾನದ ವಿಷಯ. ತಮ್ಮ ಹಿರಿಯರು ಯಾವ ಮರ ಬಳಸಿದರು, ಯಾರಿಂದ ಕಲಿತರು, ಅವರ ಉಪಕರಣಗಳು ಯಾವುವು ಎಂಬುದನ್ನು ವಿವರವಾಗಿ ಬರೆದುಕೊಂಡು, ಸಾಧ್ಯವಾದರೆ ಕೆಲಸ ಮಾಡುವಾಗಲೇ ವಿಡಿಯೊ ಮಾಡಿಕೊಳ್ಳಿರಿ. ಮಾತಿನಲ್ಲಿ ಹೇಳಲು ಬಾರದುದನ್ನು ಅವರ ಬೆರಳುಗಳು ಹೇಳುತ್ತವೆ.

ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿಗೆ ಅವಕಾಶವಿದ್ದರೆ ಒಮ್ಮೆ ಹೋಗಿ ಬನ್ನಿರಿ. ಅಲ್ಲಿನ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟದಲ್ಲಿ ಬಡಗುತಿಟ್ಟಿನ ವೇಷವನ್ನೇ ಮರದ ಗೊಂಬೆಗೆ ಇಳಿಸಿದ್ದಾರೆ. ಉಡುಗೆ ತೊಡಿಸುವುದು, ಸೂತ್ರ ಹಿಡಿಯುವುದು, ಗೊಂಬೆಯ ಹೆಜ್ಜೆಯನ್ನು ತಾಳಕ್ಕೆ ಹೊಂದಿಸುವುದು ಎಲ್ಲವೂ ತಲೆಮಾರುಗಳಿಂದ ಒಂದೇ ಮನೆಯೊಳಗೆ ಬಂದ ವಿದ್ಯೆ. ಕೊಗ್ಗ ಕಾಮತರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅವರ ಹೆಸರಿಗೆ. ಅದನ್ನು ಇಡೀ ಮನೆಗೇ ಬಂದ ಪ್ರಶಸ್ತಿಯೆಂದು ನಾನು ತಿಳಿದುಕೊಂಡಿದ್ದೇನೆ.

ಪ್ರಶ್ನಿಸಿದವರ ಮರುಮಾತು
ಬರೆದವರು: ಸೀತಾತೀರ

ಮೂವರಿಗೂ ಕೃತಜ್ಞನಾಗಿದ್ದೇನೆ. ಊರು ಬಿಡುವ ಅವಕಾಶದ ಬಗ್ಗೆ ಅವರನ್ನು ಕೇಳಿದೆ. ಯೌವನದಲ್ಲಿ ಮುಂಬಯಿಯ ಹೋಟೆಲೊಂದಕ್ಕೆ ಹೋಗಲು ಸಿದ್ಧರಾಗಿದ್ದರಂತೆ. ಆ ವರ್ಷವೇ ಮೇಳದಲ್ಲಿ ಸ್ತ್ರೀವೇಷಕ್ಕೆ ಕರೆ ಬಂದದ್ದರಿಂದ ಹೊರಟವರು ನಿಂತರು. ಸಂಬಳದ ಪ್ರಶ್ನೆಗೆ ಅವರಿಗಿಂತ ಮೊದಲು ಅವರ ಮಡದಿಯವರೇ ಒಳಗಿನಿಂದ ಉತ್ತರ ಕೊಟ್ಟರು. ಆ ಮೇಲೆ ಮಾತು ನಿಲ್ಲಲೇ ಇಲ್ಲ.

ಈಗ ಒಂದು ಉಪಪ್ರಶ್ನೆ. ಆ ಎರಡು ನೋಟುಪುಸ್ತಕಗಳಲ್ಲಿ ಒಂದಕ್ಕೆ ಹುಳ ಹಿಡಿದಿದೆ. ಪದ್ಯಗಳ ಮೇಲೆ ರಾಗ, ತಾಳದ ಹೆಸರುಗಳಿವೆ, ಕೆಲವೆಡೆ ಇಲ್ಲ. ಪುಸ್ತಕದಲ್ಲಿ ಇಡೀ ಪ್ರಸಂಗವನ್ನು ಸೇರಿಸಬೇಕೆಂದು ಯುವಕ ಮಂಡಲದ ಕೆಲವರ ಆಸೆ. ಹೇಗೆ ಮುಂದುವರಿಯಲಿ?

ಉತ್ತರ 4
ಬರೆದವರು: ನಿವೃತ್ತ ಮದ್ದಳೆಗಾರ

‘ಜಾನಪದದ ವಿದ್ಯಾರ್ಥಿ’ಯವರ ಆಕ್ಷೇಪವನ್ನು ನಾನು ಅರ್ಧಕ್ಕೆ ಒಪ್ಪುತ್ತೇನೆ. ಪ್ರಸಂಗ ಬರೆದವರೆಲ್ಲ ಒಳಗಿನ ಒತ್ತಡದಿಂದ ಬರೆದವರಲ್ಲ. ಸ್ವಂತ ಪ್ರಸಂಗವಿದ್ದರೆ ಯಾವುದಾದರೂ ಮೇಳ ಆಡಿಸೀತು ಎಂಬ ಆಸೆಯಿಂದ ಬರೆದವರನ್ನೂ ಬಹಳ ಕಂಡಿದ್ದೇನೆ, ಅದರಲ್ಲಿ ತಪ್ಪೂ ಇಲ್ಲ. ತಮ್ಮ ಹಿರಿಯರು ಯಾವ ಬಗೆಯವರು ಎಂಬುದನ್ನು ನೋಟುಪುಸ್ತಕವೇ ಹೇಳಬೇಕು.

ಮೊದಲು ಹುಳ ಹಿಡಿದ ಪುಸ್ತಕವನ್ನು ತೇವವಿಲ್ಲದ ಕಡೆ ನೆರಳಿನಲ್ಲಿ ಗಾಳಿಗೆ ಇಡಿರಿ, ಬಿಸಿಲಿಗೆ ಹಾಕಬೇಡಿರಿ, ಏಕೆಂದರೆ ಹಳೆಯ ಶಾಯಿ ಮಾಸುತ್ತದೆ, ಕಾಗದವೂ ಮುರಿಯುತ್ತದೆ. ಇನ್ನೊಂದು ಪುಸ್ತಕವನ್ನು ಅದರಿಂದ ದೂರವಿಡಿರಿ. ಹಾಳೆಗಳನ್ನು ಬಿಡಿಸಲು ಹೋಗದೆ, ಇದ್ದ ಸ್ಥಿತಿಯಲ್ಲಿಯೇ ಪ್ರತಿ ಪುಟದ ಸ್ಪಷ್ಟವಾದ ಛಾಯಾಚಿತ್ರ ತೆಗೆಯಿರಿ. ರಕ್ಷಾಪುಟ, ಅಂಚಿನಲ್ಲಿ ಬರೆದ ಲೆಕ್ಕ, ಹೊಡೆದುಹಾಕಿದ ಸಾಲು ಯಾವುದನ್ನೂ ಬಿಡಬೇಡಿರಿ. ಹೊಡೆದುಹಾಕಿದ ಪದ್ಯದ ಪಕ್ಕದಲ್ಲಿ ಹೊಸ ಪದ್ಯವಿದ್ದರೆ ಅವರ ಕಿವಿ ಏನನ್ನು ಒಪ್ಪಲಿಲ್ಲವೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ರಾಗತಾಳ ಬರೆಯದ ಪದ್ಯಗಳಿಗೆ ತಾವು ಊಹಿಸಿ ತುಂಬಬೇಡಿರಿ. ಅವರ ಮುಂದೆ ಕುಳಿತು ಓದಿರಿ, ಬಾಯಿಯಲ್ಲಿ ಅವರೇ ಹಾಡಲಿ, ಧ್ವನಿಮುದ್ರಿಸಿಕೊಳ್ಳಿರಿ. ಮದ್ದಳೆ ಬಲ್ಲವರಾದುದರಿಂದ ತೊಡೆಯ ಮೇಲೆ ಬಡಿಯುವ ಏಟಿನಲ್ಲಿಯೇ ಅಷ್ಟತಾಳವೋ ಝಂಪೆಯೋ ರೂಪಕವೋ ತಿಳಿಯುತ್ತದೆ. ತಮಗೆ ತಿಳಿಯದಿದ್ದರೆ ಆ ಧ್ವನಿಮುದ್ರಣವನ್ನು ಒಬ್ಬ ಭಾಗವತರಿಗೆ ಕೇಳಿಸಿರಿ. ಇಡೀ ಪ್ರಸಂಗವನ್ನು ಸನ್ಮಾನದ ಕಿರುಪುಸ್ತಕದಲ್ಲಿ ತುರುಕುವುದು ನನಗೆ ಸರಿಕಾಣುವುದಿಲ್ಲ. ಅದರಿಂದ ಹತ್ತಾರು ಪದ್ಯಗಳನ್ನು ಅವರ ಸ್ವಂತ ಆಯ್ಕೆಯಂತೆ ಕೊಟ್ಟು, ಪ್ರಸಂಗವನ್ನು ಪ್ರತ್ಯೇಕವಾಗಿ ಅಚ್ಚುಹಾಕಿಸುವುದು ಲೇಸು. ಯಾವುದನ್ನು ಅಚ್ಚುಹಾಕಿಸಿದರೂ ಅವರ ಲಿಖಿತ ಒಪ್ಪಿಗೆ ಇರಲಿ, ಕರ್ತೃವಿನ ಹಕ್ಕು ಅವರಲ್ಲಿಯೇ ಉಳಿಯಲಿ. ನಾಳೆ ಯಾವುದೋ ಮೇಳ ಆ ಪ್ರಸಂಗವನ್ನು ಎತ್ತಿಕೊಂಡು ಬೇರೆಯವರ ಹೆಸರಿನಲ್ಲಿ ಕರಪತ್ರ ಹೊರಡಿಸಿದರೆ ತೋರಿಸಲು ದಾಖಲೆ ಬೇಕಾಗುತ್ತದೆ.

ಛಾಯಾಚಿತ್ರಗಳ ಒಂದು ಪ್ರತಿಯನ್ನು ಅವರ ಮನೆಯಲ್ಲಿಯೂ ಇನ್ನೊಂದನ್ನು ಹಸ್ತಪ್ರತಿಗಳಲ್ಲಿ ಆಸಕ್ತಿಯಿರುವ ಯಾವುದಾದರೂ ಸಂಸ್ಥೆಯಲ್ಲಿಯೂ ಇಡಿರಿ. ಉಡುಪಿಯ ಎಂ. ಜಿ. ಎಂ. ಕಾಲೇಜಿನ ಆಸರೆಯಲ್ಲಿ ಬೆಳೆದ ಯಕ್ಷಗಾನ ಕೇಂದ್ರ ತಮಗೆ ಹತ್ತಿರವೇ ಇದೆ. ಅಲ್ಲಿ ವಿಚಾರಿಸಿದರೆ ಸಲಹೆಯಾದರೂ ದೊರೆಯಬಹುದು. ಮುಂದಿನ ಚೌತಿಯೊಳಗೆ ಈ ಕೆಲಸ ಮುಗಿಸಿರಿ. ಮಣ್ಣಿನ ಕೆಲಸ ಆರಂಭವಾದ ಮೇಲೆ ಅವರು ತಮ್ಮೊಂದಿಗೆ ಕುಳಿತು ಹಾಡುವುದಿಲ್ಲ.